ಮರ್ವಾ ಗೋಡೆ ತಟ್ಟಿದ ಸಂಜೆ

"ನಿಲ್ಲಿಸು, ನಿಲ್ಲಿಸು!" ಎಂದು ಜೊಹ್ರಾ ಕೂಗಿದ್ದಕ್ಕೆ ಹರ್ಷಿಣಿಯ ಕೈಲಿದ್ದ ಸೌಟು ಬಾಣಲೆಯಲ್ಲೇ ನಿಂತಿತು. ಅವಳು ಮಾಡಿದ ತಪ್ಪಾದರೂ ಏನು? ಕುಸ್‌ಕುಸ್ ಪೊಟ್ಟಣ ಕೊಟ್ಟು ಇದನ್ನು ಅಣಿ ಮಾಡು ಎಂದಿದ್ದರು, ಇವಳು ಎರಡು ಚಮಚ ತುಪ್ಪ ಹಾಕಿ ಹುರಿಯಲು ಶುರು ಮಾಡಿದ್ದಳು. ನೋಡಲು ಥೇಟ್ ಉಪ್ಪಿಟ್ಟಿನ ರವೆ. ರವೆ ಕಂಡರೆ ಹುರಿಯದೆ ಬಿಡುವುದು ಹೇಗೆ? ಮರ್ವಾಳ ಮನೆಯಲ್ಲಿ ಶುಕ್ರವಾರ ಶುಕ್ರವಾರ ಇದನ್ನು ತಿಂದವಳೇ ಹೊರತು ಮಾಡಿ ಗೊತ್ತಿರಲಿಲ್ಲ.

"ಇದಕ್ಕೆ ಬೆಂಕಿ ತಾಗಬಾರದು ಮಗಳೇ. ಆವಿ ಮಾತ್ರ." ಜೊಹ್ರಾ ಒಲೆ ಆರಿಸಿದರು. ಬಾಣಲೆಯ ಕಡೆ ನೋಡಿ, ಬಂದು ನಾಲ್ಕು ದಿನದಲ್ಲಿ ಮೊದಲನೇ ಸಲ ನಕ್ಕರು. "ಏನು ಕೊಟ್ಟರೂ ಮೊದಲು ಹುರೀತೀಯಂತೆ ನೀನು. ಮರ್ವಾ ಫೋನಿನಲ್ಲಿ ಹೇಳಿದ್ದಳು. ನಾನೇ ನಂಬಿರಲಿಲ್ಲ."

ಇಬ್ಬರದೂ ಇಂಗ್ಲಿಷಿನಲ್ಲಿ ಮಾತು. ಜೊಹ್ರಾ ಟ್ಯುನೀಷಿಯಾದಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಒಬ್ಬಳೇ ಮಗಳು ಮರ್ವಾ ಸಂಶೋಧನೆ ಮಾಡುತ್ತೇನೆಂದು ಜಪಾನಿಗೆ ಬಂದು, ವಾಕೋ ಎಂಬ ಊರಿನಲ್ಲಿ ಈ ಪುಟ್ಟ ಬಾಡಿಗೆ ಮನೆ ಹಿಡಿದು, ಬೇಸಿಗೆಯ ಒಂದು ಸಂಜೆ ಇದೇ ಅಡುಗೆಮನೆಯಲ್ಲಿ ತೀರಿಕೊಂಡಳು. ತಲೆಯಲ್ಲಿ ರಕ್ತನಾಳ ಒಡೆಯಿತಂತೆ. ಲ್ಯಾಬಿನವರು ಮಾರನೇ ದಿನ ಬಂದು ಬಾಗಿಲು ತೆಗೆಸಿದಾಗ ಒಲೆ ತಾನಾಗಿ ಆರಿಹೋಗಿತ್ತು, ಮೇಲೆ ಕುಸ್‌ಕುಸ್ ತಣ್ಣಗಾಗಿತ್ತು. ಅವಳನ್ನು ಊರಿಗೆ ಕಳಿಸಿ ಮಣ್ಣು ಮಾಡಿದ್ದೂ ಆಯಿತು. ಈಗ ತಾಯಿ ಮನೆ ಖಾಲಿ ಮಾಡಲು ಬಂದಿದ್ದಾರೆ. ಖಾಲಿ ಮಾಡುವ ಮುಂಚೆ ಮಗಳ ಹೆಸರಿನಲ್ಲಿ ಅಡುಗೆ ಮಾಡಿ, ಅವಳನ್ನು ಬಲ್ಲವರಿಗೆ ಬಡಿಸಬೇಕು ಎಂದಿದ್ದರು. ಹರ್ಷಿಣಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಿಥಿ ಊಟ ಯಾರಲ್ಲಿಲ್ಲ?

ಆದರೆ ಈ ಮನೆಯೊಳಗೆ ಕಾಲಿಡುವುದಕ್ಕೇ ಅವಳಿಗೆ ಜೀವ ಹೋಗಿ ಬಂದಂತಾಗಿತ್ತು. ಅವಳ ಮನೆಗೂ ಈ ಮನೆಗೂ ಒಂದೇ ಗೋಡೆ, ಅದೂ ರಟ್ಟಿನಷ್ಟು ತೆಳು. ಆ ಕಡೆ ಅವಳ ಸೋಫಾ, ಈ ಕಡೆ ಮರ್ವಾಳ ಒಲೆ. ಅಡುಗೆಯಾದ ತಕ್ಷಣ ಮರ್ವಾ ಗೋಡೆಯ ಮೇಲೆ ಟಕ್ ಟಕ್ ಎಂದು ಎರಡು ಸಲ ತಟ್ಟುತ್ತಿದ್ದಳು, ಹರ್ಷಿಣಿ ತಿರುಗಿ ಎರಡು ಸಲ ತಟ್ಟಿ ಚಪ್ಪಲಿ ಮೆಟ್ಟುತ್ತಿದ್ದಳು. ಆ ಸಂಜೆಯೂ ತಟ್ಟಿದಳು. ಹರ್ಷಿಣಿ ಆಗಷ್ಟೇ ಸ್ನಾನ ಮಾಡಿ ಫ್ಯಾನಿನ ಕೆಳಗೆ ಕಾಲು ಚಾಚಿದ್ದಳು. ಹೋದರೆ ಗಂಟೆಗಟ್ಟಲೆ ಕೂರಿಸಿಕೊಳ್ಳುತ್ತಾಳೆ, ಈ ಸೆಕೆಯಲ್ಲಿ ಸಿಹಿ ಬೇರೆ ತಿನ್ನಬೇಕು ಎನ್ನಿಸಿ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿದ ಸದ್ದು ಬಂತು. ಮನೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳಲಿ ಎಂದು ರಿಮೋಟ್ ತೆಗೆದು ಟೀವಿ ಸೌಂಡನ್ನು ಮೆಲ್ಲಗೆ ಇಳಿಸಿದಳು.

ಅಷ್ಟೇ ಅವಳು ಮಾಡಿದ್ದು. ಬಾಗಿಲು ತಟ್ಟಿದಾಗ ಉಸಿರು ಬಿಗಿಹಿಡಿದು ಕೂರದವರು ಯಾರಿದ್ದಾರೆ ಹೇಳಿ! ಆದರೆ ಅವಳಿಗೆ ಆವತ್ತಿನಿಂದ ನಿದ್ದೆಯಿಲ್ಲ. ಫ್ರಿಜ್ಜಿನ ಮೋಟರು ಟಕ್ಕೆಂದರೂ ಎದೆ ಧಸಕ್ಕೆನ್ನುತ್ತದೆ. ಸೋಫಾವನ್ನು ಎದುರಿನ ಗೋಡೆಗೆ ಎಳೆಸಿದಳು. ಎದ್ದಾಗಿನಿಂದ ಮಲಗುವವರೆಗೆ ಟೀವಿಯನ್ನು ದೊಡ್ಡದಾಗಿ ಹಾಕಿರುತ್ತಾಳೆ, ಆರು ವರ್ಷದ ಮಗಳು ಪ್ರಣತಿ ಕಿವಿ ಮುಚ್ಚಿಕೊಂಡು "ಮಮ್ಮೀ, ಉರುಸಾಯ್!" ಎಂದು ಜಪಾನಿಯಲ್ಲಿ ಗದರುವಷ್ಟು. ಒಂದು ದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಏನೋ ಕೇಳಿಸಿತೆಂದು ಓಡಿಬಂದು ಒದ್ದೆ ಕೈಯಲ್ಲೇ ಗೋಡೆಗೆ ಎರಡು ಸಲ ತಟ್ಟಿಬಿಟ್ಟಿದ್ದಳು. ಆ ಕಡೆ ಮನೆಗೆ ಬೀಗ ಹಾಕಿತ್ತು.

ಇವತ್ತು ಬೆಳಿಗ್ಗೆ ಗಂಡ ವಿವೇಕ್ ಶೂ ಕಟ್ಟಿಕೊಳ್ಳುತ್ತಾ ಮತ್ತೆ ಅದೇ ಮಾತು ತೆಗೆದಿದ್ದ.

"ಹೇಳ್ಬೇಡ ಕಣೇ. ಪೊಲೀಸ್ ಬಂದಾಗ ಏನೂ ಕೇಳಿಸ್ಲಿಲ್ಲ ಅಂದಿದೀವಿ. ಈಗ ಬೇರೆ ಥರ ಹೇಳಿದ್ರೆ ಆಯಮ್ಮನಿಗೆ ಏನು ಸಿಗುತ್ತೆ? ಬರೀ ನೋವು. ಕೇಳಿದ್ರೆ ನಾವು ಮನೇಲಿರ್ಲಿಲ್ಲ ಅಂದ್ಬಿಡು. ಸಿಂಪಲ್."

"ಇದ್ದೆನಲ್ಲ ವಿವೇಕ್."

"ಇದ್ದೆ. ಊಟಕ್ಕೆ ಕರೀತಿದಾಳೆ ಅನ್ಕೊಂಡೆ. ಯಾರಾಗಿದ್ರೂ ಹಾಗೇ ಅನ್ಕೋತಿದ್ರು. ನಿಜವಾಗ್ಲೂ ಊಟಕ್ಕೇ ಕರೆದಿರ್ಬಹುದಪ್ಪ, ಹೂ ನೋಸ್? ಸುಮ್ನೆ ತಲೆ ಕೆಡಿಸ್ಕೋಬೇಡ."

ಟೀವಿ ಸೌಂಡ್ ಇಳಿಸಿದ್ದನ್ನು ಅವಳು ವಿವೇಕನಿಗೂ ಹೇಳಿರಲಿಲ್ಲ.

ಜೊಹ್ರಾ ಹೊಸ ಪೊಟ್ಟಣ ಒಡೆದು ಅಗಲವಾದ ಬೋಗುಣಿಗೆ ಸುರಿದರು. ನೀರು ಚಿಮುಕಿಸಿ, ಎಣ್ಣೆ ಸವರಿ, ಕಾಳು ಕಾಳಾಗುವ ಹಾಗೆ ಅಂಗೈಯಲ್ಲಿ ಉಜ್ಜಿ ತೋರಿಸಿದರು. ಆಮೇಲೆ ಅದನ್ನು ಮರ್ವಾಳ ಜೋಡಿ ಪಾತ್ರೆಗೆ ಹಾಕಿದರು. ಕೆಳಗಿನದರಲ್ಲಿ ನೀರು ಕುದಿಯುತ್ತದೆ, ತಳದಲ್ಲಿ ತೂತುಗಳಿರುವ ಮೇಲಿನದರಲ್ಲಿ ಕಾಳು ಆವಿಯಲ್ಲಿ ಬೇಯುತ್ತದೆ. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನು ಗೊರಗೊರ ಎನ್ನುತ್ತಿತ್ತು. ಹರ್ಷಿಣಿ ನೆನೆಸಿದ ಬಾದಾಮಿಯ ಸಿಪ್ಪೆ ಸುಲಿಯುತ್ತಾ, ಖರ್ಜೂರದ ಬೀಜ ತೆಗೆಯುತ್ತಾ ಗೋಡೆಗೆ ಬೆನ್ನು ಮಾಡಿ ಕೂತಳು. ಒಣದ್ರಾಕ್ಷಿಯನ್ನು ತುಪ್ಪದಲ್ಲಿ ಉಬ್ಬಿಸಲಾ ಎಂದು ಕೇಳಬೇಕೆಂದಿದ್ದವಳು ಬಾಯಿ ಮುಚ್ಚಿಕೊಂಡಳು.

"ದ್ರಾಕ್ಷಿಯೂ ಆವಿಗೇ ಇಡಬೇಕು," ಎಂದರು ಜೊಹ್ರಾ, ಮನಸ್ಸು ಓದಿದವರಂತೆ. "ಮರ್ವಾಳಿಗೆ ದ್ರಾಕ್ಷಿ ಜಾಸ್ತಿ ಬೇಕು. ಚಿಕ್ಕವಳಿದ್ದಾಗ ತಟ್ಟೆಯಲ್ಲಿ ದ್ರಾಕ್ಷಿ ಆರಿಸಿ ತಿಂದು ಮಿಕ್ಕಿದ್ದನ್ನು ನನ್ನ ಕಡೆ ತಳ್ಳುತ್ತಿದ್ದಳು, ಕಳ್ಳಿ."

ಸಂಜೆಗೆ ಲ್ಯಾಬಿನವರು ಬರುವವರಿದ್ದರು, ಕೆಳಗಿನ ಮನೆಯ ಓಗಾವಾ ಸಾನ್ ಬರುವವರಿದ್ದರು. ಅಷ್ಟರೊಳಗೆ ಹೇಗೋ ಕೆಲಸ ಮುಗಿಸಿ ಮನೆ ಸೇರಿಕೊಂಡರೆ ಸಾಕು ಎಂದು ಹರ್ಷಿಣಿ ದೇವರಿಗೆ ಹೇಳಿಕೊಂಡಳು.

ಎರಡನೇ ಆವಿ ಮುಗಿದು ಕಾಳು ಮತ್ತೆ ಬೋಗುಣಿಗೆ ಬಿತ್ತು. ಜೊಹ್ರಾ ಬೆಣ್ಣೆ ಹಾಕಿ, "ಬಿಸಿ ಇದ್ದಾಗಲೇ ಉಜ್ಜಬೇಕು, ಬಾ," ಎಂದರು. ಇಬ್ಬರೂ ನೆಲದ ಮೇಲೆ ಎದುರುಬದುರು ಕೂತು ಒಂದೇ ಬೋಗುಣಿಗೆ ಕೈ ಹಾಕಿದರು. ಹರ್ಷಿಣಿಯ ಬೆರಳು ಚುರ್ರೆಂದಿತು. ಜೊಹ್ರಾಗೆ ಅದು ತಾಗಿದ ಹಾಗೇ ಕಾಣಲಿಲ್ಲ.

"ನಿನ್ನನ್ನು ಒಂದು ಮಾತು ಕೇಳಬೇಕು," ಎಂದರು. "ಗೋಡೆ ತಟ್ಟುವುದನ್ನು ಅವಳು ನನಗೆ ಹೇಳಿದ್ದಳು. 'ಅಮ್ಮಾ, ನಾನು ಒಬ್ಬಳೇ ಇದ್ದೀನಿ ಅಂತ ಹೆದರಬೇಡ, ಗೋಡೆ ತಟ್ಟಿದರೆ ಹರ್ಷಿಣಿ ಬರ್ತಾಳೆ' ಅನ್ನುತ್ತಿದ್ದಳು. ನಾನು ಆ ಒಂದು ಮಾತಿನ ಮೇಲೆ ಅಲ್ಲಿ ನಿದ್ದೆ ಮಾಡುತ್ತಿದ್ದೆ." ಅವರ ಕೈ ಕಾಳಿನಲ್ಲಿ ಆಡುತ್ತಲೇ ಇತ್ತು. "ಆ ಸಂಜೆ ತಟ್ಟಿದಳಾ?"

ಹರ್ಷಿಣಿ ಬೆಳಿಗ್ಗೆಯಿಂದ ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಆಂಟಿ, ನಾವು ಅವತ್ತು ಮನೇಲಿ…" ಎಂದಳು. ಮುಂದಕ್ಕೆ ಹೋಗಲಿಲ್ಲ. ಎದುರಿನ ಮುಖ ಅವಳನ್ನೇ ನೋಡುತ್ತಿತ್ತು, ಸಿಟ್ಟಿಲ್ಲ, ಅನುಮಾನವೂ ಇಲ್ಲ. ಬೈದಿದ್ದರೆ ಸುಳ್ಳು ಹೇಳಿಬಿಡುತ್ತಿದ್ದಳೇನೋ.

"ತಟ್ಟಿದಳು," ಎಂದಳು. "ಮೊದಲು ಎರಡು ಸಲ. ಆಮೇಲೆ ಮತ್ತೆ. ನಾನು ಮನೇಲೇ ಇದ್ದೆ ಆಂಟಿ. ಏಳೋಕೆ ಬೇಜಾರಾಯ್ತು. ಊಟಕ್ಕೆ ಕರೀತಿದಾಳೆ, ಇವತ್ತು ಬೇಡ ಅಂದ್ಕೊಂಡೆ. ಯಾರೂ ಇಲ್ಲ ಅಂತ ತಿಳ್ಕೊಳ್ಳಲಿ ಅಂತ ಟೀವಿ ಸೌಂಡ್ ಕಮ್ಮಿ ಮಾಡಿದೆ." ಬೋಗುಣಿಯಿಂದ ಕಣ್ಣೆತ್ತದೆ ಮುಂದುವರಿಸಿದಳು. "ಪೊಲೀಸರ ಹತ್ರ ಸುಳ್ಳು ಹೇಳಿದೆ. ಈಗ ನಿಮ್ಮ ಹತ್ರಾನೂ ಹೇಳ್ತಿದ್ದೆ."

ಜೊಹ್ರಾ ಬೋಗುಣಿಯಲ್ಲಿದ್ದ ಹರ್ಷಿಣಿಯ ಕೈಗಳನ್ನು ಮಣಿಕಟ್ಟು ಹಿಡಿದು ಎತ್ತಿ ಆಚೆ ಇಟ್ಟರು. ಉಳಿದ ಗಂಟುಗಳನ್ನೆಲ್ಲ ಒಬ್ಬರೇ ಒಡೆದರು. ಅದಕ್ಕೆ ಬಹಳ ಹೊತ್ತು ಹಿಡಿಯಿತು. ಸಕ್ಕರೆ ಬೆರೆಸಿ, ಬಿಳಿ ಬಟ್ಟೆ ಮುಚ್ಚಿ, ನಲ್ಲಿಯಲ್ಲಿ ಕೈ ತೊಳೆದು ಒರೆಸಿಕೊಂಡರು.

"ನೀನು ಎಲ್ಲಿ ಕೂತಿದ್ದೆ?"

"ಸೋಫಾದ ಮೇಲೆ. ಆಗ ಈ ಗೋಡೆಗೇ ಇತ್ತು."

"ನಾನು ಅಲ್ಲಿ ಹೋಗಿ ನಿಲ್ಲುತ್ತೇನೆ. ನೀನು ಇಲ್ಲಿಂದ ತಟ್ಟು. ನಿನಗೆ ಹೇಗೆ ಕೇಳಿಸಿತೋ ಹಾಗೇ, ಒಂದಿಷ್ಟೂ ಹೆಚ್ಚುಕಮ್ಮಿ ಇಲ್ಲದೆ." ಕೈ ಒರೆಸಿದ ಬಟ್ಟೆಯನ್ನು ಮಡಿಸಿಟ್ಟರು. "ಅವಳು ಊಟಕ್ಕೆ ಕರೆಯುವುದು ನನಗೆ ಗೊತ್ತು. ನೋವು ತಿನ್ನುವಾಗ ಕರೆಯುವುದೂ ಗೊತ್ತು. ಹೆತ್ತವಳು ನಾನು. ಕೇಳಿದರೆ ತಿಳಿಯುತ್ತೆ."

"ಆಂಟಿ, ಬೇಡ."

"ನನ್ನ ಮಗಳ ಕೊನೇ ಮಾತು ನಿನ್ನ ಕಿವಿಯಲ್ಲಿದೆ," ಎಂದರು ಜೊಹ್ರಾ. "ನನಗೆ ಕೊಡು."

ಹೋಗುವಾಗ ಅವರು ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಆರಿಸಿದರು.

ಮನೆ ಗಪ್‌ಚಿಪ್ಪಾಯಿತು. ಹರ್ಷಿಣಿ ಈ ಮನೆಗೆ ಎಷ್ಟೋ ಸಲ ಬಂದಿದ್ದರೂ ಹೀಗೆ ಒಬ್ಬಳೇ, ಸದ್ದಿಲ್ಲದೆ ನಿಂತದ್ದಿಲ್ಲ. ಸ್ಕೂಲಿಂದ ಬಂದ ಪ್ರಣತಿ ಆ ಕಡೆ ಕಾರ್ಟೂನ್ ಹಾಕಿಕೊಂಡು ಕೂತಿದ್ದಳು. ಗೋಡೆಯಾಚೆಯ ಟೀವಿಯಲ್ಲಿ ಒಂದು ಬೆಕ್ಕು ಯಾರಿಗೋ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಿದ್ದದ್ದು ಒಂದಕ್ಷರ ಬಿಡದೆ ಕೇಳಿಸಿತು. ಪ್ರಣತಿ ನಕ್ಕಿದ್ದು ಕೇಳಿಸಿತು. ಬಾಗಿಲು ತೆರೆದದ್ದು, ಜೊಹ್ರಾರ ಹೆಜ್ಜೆ ಬಂದು ಗೋಡೆಯ ಪಕ್ಕ ನಿಂತದ್ದೂ ಕೇಳಿಸಿತು.

ಹರ್ಷಿಣಿ ಒಲೆಯ ಪಕ್ಕ ಮಂಡಿಯೂರಿ ಕೂತಳು. ಎರಡನೇ ಸಲದ ಸದ್ದು ಗೋಡೆಯ ಕೆಳಗಿನಿಂದ ಬಂದಿತ್ತು, ನೆಲಕ್ಕೆ ಹತ್ತಿರದಿಂದ. ಅದು ಅವಳಿಗೆ ಆವತ್ತೇ ಗೊತ್ತಿತ್ತು. ಬೆರಳು ಮಡಿಸಿ, ಅಲ್ಲಿಯೇ, ಕೇಳಿಸಿದ್ದಷ್ಟೇ ಮೆಲ್ಲಗೆ ತಟ್ಟಿದಳು. ಒಂದು. ತುಸು ತಡೆದು ಇನ್ನೊಂದು.

ಗೋಡೆಯಾಚೆ ಟೀವಿಯ ಸದ್ದು ಮೆಲ್ಲಗೆ ಇಳಿಯಿತು.

ಬೆಕ್ಕಿನ ದನಿ ಪಿಸುಮಾತಾಯಿತು, ಆಮೇಲೆ ಅದೂ ಇಲ್ಲ. ಅಲ್ಲಿ ಯಾರೋ ಇದ್ದಾರೆ, ರಿಮೋಟು ಹಿಡಿದು ಕೂತಿದ್ದಾರೆ ಎಂಬುದು ಎಳೆ ಮಗುವಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಆವತ್ತು ಇಲ್ಲಿ ಬಿದ್ದಿದ್ದ ಮರ್ವಾಳಿಗೂ ಹೀಗೇ ಕೇಳಿಸಿರಬೇಕು. ಹರ್ಷಿಣಿಯ ಬಾಯಿಂದ "ಅಮ್ಮಾ" ಎಂಬ ಮಾತು ತಾನಾಗಿ ಬಂತು. ಅವಳು ಗೋಡೆಗೆ ಅಂಗೈ ಒತ್ತಿ, ಆ ಕಡೆಯಿಂದ ಯಾರಾದರೂ ತಿರುಗಿ ತಟ್ಟುತ್ತಾರೇನೋ ಎಂದು ಕಾಯುತ್ತಾ ಕೂತಳು.