ಕೋನ್ ಎತ್ತಿದ ಮೇಲೆ

ಹಳದಿ ಒಂದಲ್ಲ, ಎರಡು ಎಂಬ ಗಂಭೀರ ಸತ್ಯ ಮೇಸ್ತ್ರಿಗೆ ಹೊಳೆದದ್ದು ಮಧ್ಯಾಹ್ನ ಒಂದೂ ಹತ್ತಕ್ಕೆ, ಕುಕ್ಕರುಗಾಲಿನಲ್ಲಿ ಕೂತು ಅಕ್ಕನ ಕಾರಿನ ಬಾಗಿಲನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಾಗ, ರಸ್ತೆಯ ಮೇಲಿದ್ದರೆ ಅದು ಕಾನೂನು, ಕಾರಿನ ಮೇಲಿದ್ದರೆ ಕೊಳೆ, ಡಬ್ಬಿ ಒಂದೇ, ಯಂತ್ರ ಒಂದೇ, ಇಪ್ಪತ್ತೆರಡು ವರ್ಷದಿಂದ ಊರಿನ ರಸ್ತೆಗಳ ನಟ್ಟನಡುವೆ ಗೆರೆ ಎಳೆಸುತ್ತಿರುವ ಕೈಯೂ ಒಂದೇ — ಹನಿಗಳು ಚಕ್ರದ ಕಮಾನಿನಿಂದ ಹೊರಟು ಕಡು ನೀಲಿ ಬಾಗಿಲಿನುದ್ದಕ್ಕೂ ಹಿಂದೆ ಹಿಂದೆ ಹೋಗಿವೆ, ಮೊದಲಿನವು ಹೆಬ್ಬೆರಳ ಉಗುರಿನಷ್ಟು, ಕೊನೆಯವು ಸೂಜಿಮೊನೆಯಷ್ಟು, ಚಕ್ರದ ಒಳಗಂತೂ ಯಾರೋ ಬಕೆಟ್ಟಿನಲ್ಲೇ ಎರಚಿದ ಹಾಗೆ, ಮತ್ತು ನಾಲ್ಕು ಗಂಟೆಗೆ ಇದೇ ಕಾರಿನಲ್ಲಿ ಅಕ್ಕನ ಡ್ರೈವಿಂಗ್ ಪರೀಕ್ಷೆ, ಐವತ್ತೆಂಟನೇ ವಯಸ್ಸಿಗೆ, ಆರು ತಿಂಗಳು ಕಲಿತು, ಅಂಥ ಅಕ್ಕ ಅರ್ಧ ಗಂಟೆಯ ಹಿಂದೆ ಕೀಯನ್ನು ಇವನ ಅಂಗೈಯಲ್ಲಿಟ್ಟು, ನಂಗೆ ಬೇಡ ಕಣೋ ಇದು, ಮಾರಿಬಿಡು, ಎಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ, ಬರಿಗಾಲಲ್ಲಿ, ಏಕೆಂದರೆ ಚಪ್ಪಲಿ ಹಾಕಿಕೊಂಡರೆ ಅವಳಿಗೆ ಪೆಡಲ್ಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಬಿಚ್ಚಿ ಪಕ್ಕದ ಸೀಟಿನ ಕೆಳಗೆ ತಳ್ಳಿಯೇ ಓಡಿಸುವುದು, ಇಳಿಯುವಾಗ ಎಡಗಾಲು ಹಸಿ ಗೆರೆಯ ಮೇಲೇ ಬಿತ್ತು, ಅಲ್ಲಿಂದ ಗೇಟಿನವರೆಗೆ, ಕಾದ ಟಾರಿನ ಮೇಲೆ, ಒಂದು ಹಳದಿ ಹಿಮ್ಮಡಿ, ಒಂದು ಖಾಲಿ, ಒಂದು ಹಳದಿ ಹಿಮ್ಮಡಿ, ಒಂದು ಖಾಲಿ. ಇರಲಿ. ನಾಲ್ಕಕ್ಕೆ ಇನ್ನೂ ಮೂರು ಗಂಟೆಗೆ ಹತ್ತು ನಿಮಿಷ ಕಮ್ಮಿ. ಒಂದೊಂದೇ ಹನಿ ತೆಗೆಯುವುದು, ಬಿಡುವ ಮಾತಿಲ್ಲ.

ಥಿನ್ನರ್ ಹಾಕಿ ಮೇಸ್ತ್ರಿ, ಒಂದೇ ಸಲಕ್ಕೆ ಹೋಗುತ್ತೆ, ಎನ್ನುತ್ತಿದ್ದಾನೆ ಬೆನ್ನ ಹಿಂದೆ ನಿಂತ ರೇಡಿಯೋ, ಬಣ್ಣದ ಯಂತ್ರ ತಳ್ಳುವವನು, ಆರಿಸುವ ಗುಂಡಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಇರುವುದರಿಂದ ಆ ಹೆಸರು, ಹೋಗುತ್ತಪ್ಪಾ ಹೋಗುತ್ತೆ, ಮೊದಲು ಹಳದಿ ಹೋಗುತ್ತೆ, ಆಮೇಲೆ ನೀಲಿ ಹೋಗುತ್ತೆ, ಇನ್ನೊಂದು ಸಲ ಒರೆಸಿದರೆ ಕಾರೇ ಹೋಗುತ್ತೆ, ನೀನು ಹೋಗಿ ಯಂತ್ರ ತೊಳಿ, ಎನ್ನುತ್ತಾನೆ ಮೇಸ್ತ್ರಿ — ಸೀಮೆಎಣ್ಣೆಯೇ ಸರಿ, ನಿಧಾನ, ಆದರೂ ಸರಿ, ಇಪ್ಪತ್ತೆರಡು ವರ್ಷ ಅವನು ಇದನ್ನೇ ಹೇಳಿಕೊಂಡು ಬಂದವನಲ್ಲವೇ, ಕಾರಿಗೆ ಬಣ್ಣ ಹಾರಿತು ಎಂದು ಕೂಗಾಡಿಕೊಂಡು ಬಂದವರಿಗೆಲ್ಲ, ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ ಸಾರ್, ಐದು ನಿಮಿಷದ ಕೆಲಸ, ಎಷ್ಟು ಗತ್ತಿನಿಂದ ಹೇಳುತ್ತಿದ್ದ, ಒಂದು ದಿನವೂ ತಾನು ಒರೆಸಿ ನೋಡಿರಲಿಲ್ಲ, ಒಬ್ಬ ಹಲ್ಲಿನ ಡಾಕ್ಟರು ಮಾತ್ರ ಮಾರನೇ ದಿನ ಮತ್ತೆ ಬಂದು, ಏನ್ರೀ ನಿಮ್ಮ ಐದು ನಿಮಿಷ ನನ್ನ ಇಡೀ ಭಾನುವಾರ ತಿಂತು, ಎಂದಿದ್ದರು, ಅವರಿಗೆ, ನೀವು ಸರಿಯಾಗಿ ಒರೆಸಿಲ್ಲ ಸಾರ್, ಎಂದು ಹೇಳಿ ಕಳಿಸಿದ್ದ, ಈಗ ಅವರು ಈ ದಾರಿಯಲ್ಲಿ ಬರದಿದ್ದರೆ ಸಾಕು. ಉಜ್ಜುವ ಹಾಗೂ ಇಲ್ಲ, ಅದು ಡಾಕ್ಟರಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತು, ಗೆರೆ ಹಸಿಯಿರುವಾಗಲೇ ಅದರ ಮೇಲೆ ಸಕ್ಕರೆಯಂಥ ಗಾಜಿನ ಮಣಿ ಉದುರಿಸಿರುತ್ತಾರೆ, ಗಾಡಿಯ ದೀಪ ಬಿದ್ದರೆ ಹೊಳೆಯಲಿ ಎಂದು, ಆ ಮಣಿಗಳೂ ಹನಿಯೊಳಗೇ ಕೂತಿವೆ, ಸಿಟ್ಟಿನಿಂದ ಒಮ್ಮೆ ಉಜ್ಜಿದರೆ ಬಾಗಿಲ ತುಂಬ ಗೀರು, ಆದ್ದರಿಂದ ಬಟ್ಟೆ ನೆನೆಸು, ಹನಿಯ ಮೇಲೆ ಅಂಟಿಸು, ನೂರು ಎಣಿಸು, ಅಂಚು ಮೆತ್ತಗಾಯಿತೇ ನೋಡು, ಎತ್ತು — ಎತ್ತಲು ಜೇಬಿನಲ್ಲಿ ಸಿಕ್ಕಿದ್ದು ಅವಧಿ ಮುಗಿದ ಪ್ಲಾಸ್ಟಿಕ್ ಗುರುತಿನ ಚೀಟಿ, ಅದರಲ್ಲಿ ಕಪ್ಪು ಮೀಸೆಯ, ಎಲ್ಲ ಗೊತ್ತಿರುವ ಮುಖದ ಒಬ್ಬ ಮೇಸ್ತ್ರಿ, ಅವನ ಗಲ್ಲದ ಅಂಚಿನಿಂದಲೇ ಹಳದಿ ಕೆರೆದು ತೆಗೆಯುವುದು. ಒಂದು ಹೋಯಿತು. ಅಡಿಯಲ್ಲಿ ನೀಲಿ ಹಾಗೇ ಇದೆ. ತೊಂಬತ್ತೆಂಟು, ತೊಂಬತ್ತೊಂಬತ್ತು, ಇನ್ನೊಂದು ಹೋಯಿತು, ಬೆನ್ನು ಹಿಡಿದುಕೊಂಡಿದೆ, ಹಿಡಿದುಕೊಳ್ಳಲಿ, ಅಕ್ಕ ಆ ಬಿಸಿಯಲ್ಲಿ ಚಪ್ಪಲಿಯಿಲ್ಲದೆ ನಡೆದಳಲ್ಲ, ಹಿಂದಿರುಗಿ ನೋಡದೆ, ಹಳದಿ ಹಿಮ್ಮಡಿ, ಖಾಲಿ, ಹಳದಿ ಹಿಮ್ಮಡಿ.

ಯಾರ ತಪ್ಪು ಎಂಬ ಪ್ರಶ್ನೆಯನ್ನು ಅವನು ಒಂದು ಗಂಟೆಯಿಂದ ಎದುರುಬದುರಾಗದಂತೆ ತಪ್ಪಿಸಿಕೊಂಡು ಓಡಾಡುತ್ತಿದ್ದಾನೆ, ಹಿಂದಿನ ಬಾಗಿಲಿಗೆ ಬಂದರೆ ಅದೂ ಹಿಂದಿನ ಬಾಗಿಲಿಗೆ ಬರುತ್ತದೆ — ಗೆರೆಯ ಪಕ್ಕ ಕೆಂಪು ಕೋನ್ ಇದ್ದರೆ ಬಣ್ಣ ಹಸಿ, ಕೋನ್ ಎತ್ತಿದರೆ ಒಣಗಿದೆ, ದಾಟು, ಎಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಕ್ಕನಿಗೆ ಪಾಠ ಹೇಳಿದ್ದು ಅವನೇ, ಅವಳ ಮನೆಯೆದುರಿನ ರಸ್ತೆಯ ಕೆಲಸ ತಮ್ಮನ ಪಾಲಿಗೆ ಬಂತು ಎಂದು ಅವಳು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಳು, ಪುಟ್ಟಾ, ಡ್ರೈವಿಂಗ್ ಸ್ಕೂಲಿನವನು ತಿರುವಿನಲ್ಲಿ ಇಳಿದುಬಿಡುತ್ತಾನಂತೆ, ಅಲ್ಲಿಂದ ಮನೆಗೆ ನೂರು ಗಜ ನಾನೊಬ್ಬಳೇ, ನೋಡ್ತಿರು, ಎಂದಿದ್ದಳು, ನೋಡುತ್ತಲೇ ಇದ್ದ, ಕಾರು ತಿರುವಿನಲ್ಲಿ ಕಾಣಿಸಿದ್ದೇ ತಡ ಅವನಿಗೆ ಹೊಳೆದದ್ದು ಇಷ್ಟೇ, ಇಷ್ಟೊಂದು ಕೋನ್ ನೋಡಿದರೆ ಹೆದರುತ್ತಾಳೆ, ಸುಲಭವಾಗಲಿ — ಬಗ್ಗಿ ಗೆರೆಗೆ ಹೆಬ್ಬೆರಳು ಒತ್ತಿದ, ಅಂಟಲಿಲ್ಲ, ಒಂದಾದ ಮೇಲೊಂದು ಕೋನ್ ತಾನೇ ಎತ್ತಿದ, ಆದರೆ ಒತ್ತಿದ್ದು ಗೆರೆಯ ಆರಂಭದಲ್ಲಿ, ಬಿಸಿಲಲ್ಲಿ, ಅಕ್ಕನ ಗೇಟಿನ ಮುಂದಿನದು ಕೊನೆಗೆ ಎಳೆದದ್ದು, ಗೆರೆಯ ಮೇಲಷ್ಟೇ ಬಿದ್ದ ಮರದ ನೆರಳಲ್ಲಿ, ಬಾಲದಲ್ಲಿ ಒತ್ತಿ ನೋಡಬೇಕು ಕಣ್ರೋ ತಲೆಯಲ್ಲಲ್ಲ ಎಂದು ಎಷ್ಟು ಜನರಿಗೆ ಬೈದು ಕಲಿಸಿಲ್ಲ. ಅಕ್ಕ ಇಂಡಿಕೇಟರ್ ಹಾಕಿದಳು, ಕನ್ನಡಿ ನೋಡಿದಳು, ಎಲ್ಲ ಪುಸ್ತಕದಲ್ಲಿದ್ದ ಹಾಗೇ, ಕಿಟಕಿಯಿಂದ ಕೈ ಹೊರಗೆ ಹಾಕಿ ಎಂಟು ಜನ ಕೆಲಸಗಾರರ ಮುಂದೆ, ಪುಟ್ಟಾ, ನೋಡೋ, ಎಂದು ಕೂಗಿದಳು, ಗೆರೆಯ ಮೇಲೆ ಹತ್ತಿದಳು, ಚಕ್ರದಿಂದ ಹಳದಿ ಎದ್ದಿತು, ಹಿಂದೆ ಎಂಟು ಬಾಯಿ ಕಿಸಕ್ ಎಂದಿತು, ಕೆಟ್ಟ ಗೆರೆಗೋ ಪುಟ್ಟ ಎಂಬ ಹೆಸರಿಗೋ ಇವನಿಗೆ ಗೊತ್ತಾಗಲಿಲ್ಲ, ಐವತ್ತನಾಲ್ಕು ವರ್ಷದ ಪುಟ್ಟ — ಕಣ್ಣು ಎಲ್ಲಿಟ್ಕೊಂಡಿದೀಯ, ಎಂದು ಅರಚಿದ, ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ, ಭಾವ ಸುಮ್ನೆ ಹೇಳ್ತಿರ್ಲಿಲ್ಲ ಬಿಡು, ಎಂದೂ ಸೇರಿಸಿದ. ಭಾವ ತೀರಿಕೊಂಡು ಎರಡು ವರ್ಷ. ಇಪ್ಪತ್ತು ವರ್ಷ ಅವರು ಈ ಕಾರು ಓಡಿಸಿದರು, ದಿನಾ ಒರೆಸಿದರು, ಅಕ್ಕ ಪಕ್ಕದ ಸೀಟಿನಲ್ಲಿ ಮಡಿಲ ಮೇಲೆ ಚೀಲ ಇಟ್ಟುಕೊಂಡು ಕೂತಳು, ಒಮ್ಮೆ ನಾನೂ ಕಲೀಲಾ ಎಂದದ್ದಕ್ಕೆ, ಎಡಗೈ ಯಾವುದು ಅಂತ ನೋಡ್ಕೊಳ್ಳೋಕೆ ನಿಂಗೆ ಕೈಗಡಿಯಾರ ಬೇಕು, ಎಂದು ನಕ್ಕಿದ್ದರು, ಊಟಕ್ಕೆ ಕೂತವರೆಲ್ಲ ನಕ್ಕಿದ್ದರು, ಇವನೂ ನಕ್ಕಿದ್ದ, ಅಕ್ಕ ಮಾತ್ರ ಎದ್ದು ನೀರು ತರಲು ಹೋಗಿದ್ದಳು, ಆ ಹೋಗುವ ಕಾಲು ಅವನಿಗೆ ಇವತ್ತು ಮತ್ತೆ ಕಂಡಿತು, ಕಾದ ರಸ್ತೆಯ ಮೇಲೆ, ಹಳದಿ ಹಿಮ್ಮಡಿ, ಖಾಲಿ.

ಎರಡೂ ಮುಕ್ಕಾಲಿಗೆ ಬಾಗಿಲು ನೀಲಿಯಾಗಿದೆ, ಸೋಪು ನೀರಿನಲ್ಲಿ ಎರಡು ಸಲ ತೊಳೆದಿದ್ದಾನೆ, ಒಂದು ಗೀರೂ ಇಲ್ಲ, ಚಕ್ರದ ಒಳಗಿನದು ಮಾತ್ರ ಹೋಗುವುದಿಲ್ಲ, ಅದನ್ನು ನೋಡಬೇಕಾದರೆ ಪರೀಕ್ಷೆ ಮಾಡುವವನು ರಸ್ತೆಯಲ್ಲಿ ಮಲಗಬೇಕು, ಮಲಗಿದರೆ ನೋಡಿಕೊಳ್ಳೋಣ — ಬೆರಳಿನ ಚರ್ಮ ಬಿರಿದಿದೆ, ಸೀಮೆಎಣ್ಣೆ ಬಾಟಲಿ ಬರಿದಾಗಿದೆ, ಅವನು ಸೀಟಿನ ಕೆಳಗಿಂದ ಚಪ್ಪಲಿ ತೆಗೆದುಕೊಂಡು ಹೋಗಿ ಬಾಗಿಲು ತಟ್ಟುತ್ತಾನೆ, ಅಕ್ಕಾ, ಕಾರು ತೊಳೆದಿದೀನಿ, ಮತ್ತೆ ತಟ್ಟುತ್ತಾನೆ, ಅಕ್ಕಾ, ಮೂರಕ್ಕೆ ಹೊರಟರೆ ಸಾಕು, ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಾಯಿಸಿ ಮೂರನೇ ಸಲ ತಟ್ಟುತ್ತಾನೆ, ಕೋನ್ ಎತ್ತಿದ್ದು ನಾನೇ ಅಕ್ಕ, ಸರಿಯಾಗಿ ನೋಡದೇ ಎತ್ತಿದೆ, ನಿನ್ನ ತಪ್ಪಲ್ಲ. ಚಿಲಕ ತೆಗೆದ ಸದ್ದು. ಅದು ನಂಗೆ ಗೊತ್ತು ಕಣೋ, ಎನ್ನುತ್ತಾಳೆ ಅಕ್ಕ, ಅತ್ತ ಮುಖವಲ್ಲ, ಸಿಟ್ಟಿನ ಮುಖ, ನೀನು ಕೋನ್ ಎತ್ತೋದನ್ನ ಕಣ್ಣಾರೆ ನೋಡಿಕೊಂಡೇ ಬಂದೆ, ಎತ್ತಿದ್ರೆ ದಾಟು ಅಂತ ನೀನೇ ತಾನೇ ಹೇಳಿದ್ದು, ಮತ್ಯಾಕೆ ಕೀ ಕೊಟ್ಟೆ, ಎನ್ನುತ್ತಾನೆ ಇವನು, ಯಾಕೆ ಅಂತ ಕೇಳ್ತೀಯಲ್ಲ, ಅಕ್ಕನ ದನಿ ಏರುತ್ತದೆ, ಬೈದ್ರೆ ಬೈಕೋ, ನಿಮ್ಮ ಭಾವನ್ನ ಯಾಕೋ ಕರ್ಕೊಂಡು ಬಂದೆ ಮಧ್ಯಕ್ಕೆ, ಆರು ತಿಂಗಳಿಂದ ನಾನು ಒಬ್ಬಳೇ ಕೂತ್ಕೋಬೇಕು ಅಂತ ಒದ್ದಾಡ್ತಿದ್ರೆ ನೀನು ಅವರನ್ನ ತಂದು ಪಕ್ಕದಲ್ಲಿ ಕೂರಿಸಿಬಿಟ್ಟೆ. ಇದಕ್ಕೆ ಅವನ ಬಳಿ ಸೀಮೆಎಣ್ಣೆಯಿಲ್ಲ. ತಪ್ಪಾಯ್ತು ಅಕ್ಕ, ಎನ್ನುತ್ತಾನೆ ಮೆಲ್ಲಗೆ, ಇಲ್ಲಿ ಪಿಸುಗುಟ್ಟಬೇಡ, ಅರಚಿದ್ದು ಎಲ್ಲಿ, ರಸ್ತೇಲಿ, ಹಾಗಾದ್ರೆ ರಸ್ತೇಲೇ ಹೇಳು, ಎಂದು ಚಪ್ಪಲಿ ಕಸಿದುಕೊಂಡು ಮೆಟ್ಟಿ ಅವಳೇ ಮುಂದೆ ನಡೆಯುತ್ತಾಳೆ, ಎಂಟು ಜನ ಮರದ ಕೆಳಗೆ ಕೂತವರು ಎದ್ದು ನಿಲ್ಲುತ್ತಾರೆ, ಇಪ್ಪತ್ತೆರಡು ವರ್ಷದ ಗತ್ತು, ಮೀಸೆ, ಎಲ್ಲವನ್ನೂ ಒಟ್ಟಿಗೆ ನುಂಗಿ ಅವನು ಹೇಳುತ್ತಾನೆ, ಕೇಳ್ರಪ್ಪ, ನಾನು ಗೆರೆಯ ತಲೆ ಮುಟ್ಟಿ ಕೋನ್ ಎತ್ತಿದೆ, ಬಾಲ ಮುಟ್ಟಲಿಲ್ಲ, ಅಕ್ಕ ಸರಿಯಾಗೇ ಓಡಿಸಿದ್ದು, ಬೈದಿದ್ದು ನನ್ನ ತಪ್ಪು — ರೇಡಿಯೋ ಕೂಡ ಬಂದ್ ಆಗಿದೆ, ಎಷ್ಟೋ ವರ್ಷಕ್ಕೆ ಮೊದಲ ಸಲ. ಅಕ್ಕ ಕೈ ಚಾಚುತ್ತಾಳೆ, ಅವನು ಕೀ ಕೊಡುತ್ತಾನೆ, ನೀನು ಪಕ್ಕದ ಸೀಟಲ್ಲಿ ಕೂತ್ಕೋ ಪುಟ್ಟ, ಬಾಯಿ ಮುಚ್ಕೊಂಡು, ಕೂರುತ್ತಾನೆ, ಅವಳು ಕನ್ನಡಿ ಸರಿಮಾಡುತ್ತಾಳೆ, ಚಪ್ಪಲಿ ಬಿಚ್ಚಿ ಇವನ ಕಾಲ ಬಳಿಗೆ ತಳ್ಳುತ್ತಾಳೆ, ಇಂಡಿಕೇಟರ್ ಟಿಕ್ ಟಿಕ್, ಹೊರಗೆಲ್ಲ ನೀಲಿ, ಒಂದು ಹನಿಯೂ ಉಳಿಯದ ನೀಲಿ, ಕಣ್ಣು ಕೆಳಗಿಳಿಯುತ್ತದೆ, ಕ್ಲಚ್ಚಿನ ಮೇಲೆ ಎಡಗಾಲು, ಅವಳು ತೊಳೆದುಕೊಂಡಿಲ್ಲ, ಹೇಳಲು ಇವನಿಗೂ ನೆನಪಾಗಿಲ್ಲ, ಹಳದಿ ಹಿಮ್ಮಡಿ, ಏಳುತ್ತದೆ, ಇಳಿಯುತ್ತದೆ, ಹಳದಿ ಹಿಮ್ಮಡಿ —

ಪರೀಕ್ಷೆಯ ಮೈದಾನದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಅಕ್ಕ ಒಂದು ಕಂಬ ಬೀಳಿಸಿದಳು. ಫೇಲಾಯಿತು. ಮುಂದಿನ ಪರೀಕ್ಷೆ ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತಕ್ಕೆ. ಅರ್ಜಿಯನ್ನು ಅವಳು ಅಲ್ಲೇ ತುಂಬಿ ಕೊಟ್ಟಳು.