ಸೆಂಟು ಮಳೆಗೆ ಟೈಪ್ ಬೇಡವಂತೆ

ಸಾವಿತ್ರಮ್ಮ ತಂದಿಟ್ಟ ರೊಬಸ್ಟಾ ಕಾಫಿಯ ರೆಂಬೆಯನ್ನು ಶಶಿಕಿರಣ್ ಮುಟ್ಟಿಯೂ ನೋಡಲಿಲ್ಲ. ಹೂವು ಅರ್ಧ ಬಿರಿದು ಅಲ್ಲೇ ಕಂದಿತ್ತು. ಕೊಟ್ಟಿಗೆಹಾರದಿಂದ ಬಸ್ಸಿನಲ್ಲಿ ಚಿಕ್ಕಮಗಳೂರಿನ ನಮ್ಮ ಆಫೀಸಿಗೆ ಬಂದ ಬೆಳೆಗಾರ್ತಿಗೆ ಕುರ್ಚಿ ಕೊಟ್ಟವಳೂ ನಾನೇ.

“ಮೊಗ್ಗು ಪೂರ್ತಿ ಬಿರಿಯೋಕೆ ಸಾಲದಷ್ಟೇ ಮಳೆ ಬಿತ್ತು. ಸ್ಪ್ರಿಂಕ್ಲರ್ ಜೋಡಿಸಿಟ್ಟಿದ್ದೆ. ಮಳೆ ಲೆಕ್ಕ ಹಾಕಿದ್ರೆ ನಿಮ್ಮ ಆ್ಯಪ್ ‘ನೀರು ಬೇಡ’ ಅಂತು. ಮುಂದೆ ಮಳೆ ಬರ್ತದೆ ಅಂತ ಅದಕ್ಕೆ ಗೊತ್ತಿರ್ಬೇಕು ಅಂದ್ಕೊಂಡು ಸುಮ್ನಾದೆ,” ಎಂದರು.

“ನೀವೇ ತಪ್ಪು ಎಂಟ್ರಿ ಮಾಡಿರ್ತೀರಿ ಅಮ್ಮ,” ಎಂದ ನಮ್ಮ ಕಂಪನಿಯ ಯಜಮಾನ ಶಶಿಕಿರಣ್. ನನಗೆ ಮೈಯೆಲ್ಲ ಉರಿಯಿತು.

ಕೋಡ್ ತೆರೆದು ನೋಡಿದೆ. ಇಲ್ಲಿಯವರು ಮಳೆಯನ್ನು ಸೆಂಟಿನಲ್ಲಿ ಅಳೆಯುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಬಂದ ಒಂದೊಂದು ಮಳೆಯನ್ನೂ ಬೇರೆ ಬೇರೆ ಬರೆಯುತ್ತಾರೆ. ಸಾವಿತ್ರಮ್ಮನೂ ಸಂಜೆಯದು ಇಪ್ಪತ್ತು, ಬೆಳಗಿನ ಜಾವದ್ದು ಹದಿನೈದು ಎಂದು ಸರಿಯಾಗಿಯೇ ಹಾಕಿದ್ದರು. ಕೂಡಿದರೆ ಮೂವತ್ತೈದು. ನಮ್ಮ ಘನಂದಾರಿ ಆ್ಯಪ್ ಕೂಡಿರಲಿಲ್ಲ. ಎರಡನ್ನೂ ಬರೀ ಅಕ್ಷರ ಎಂದುಕೊಂಡು ಒಂದರ ಪಕ್ಕ ಒಂದು ಅಂಟಿಸಿ 2015 ಮಾಡಿತ್ತು. ಮಾರ್ಚ್ ತಿಂಗಳಲ್ಲಿ ಇಪ್ಪತ್ತು ಇಂಚು ಮಳೆ! ಆ ಅಂಕಿ ಬೆಳೆಗಾರರಿಗೆ ಕಾಣುವುದಿಲ್ಲ, ಕಾಣುವುದು ‘ನೀರು ಬೇಡ’ ಎಂಬ ತೀರ್ಪು ಮಾತ್ರ.

ನಾವು ಕೋಡ್ ಬರೆಯಲು ಬಳಸುವ ಟೈಪ್‌ಸ್ಕ್ರಿಪ್ಟ್ ಭಾಷೆ ನನಗೆ ಇಷ್ಟವಾಗಿದ್ದೇ ಅದರ ಸಲಿಗೆಗೆ. ಇದು ಸಂಖ್ಯೆ, ಇದು ಅಕ್ಷರ ಎಂದು ಟೈಪ್ ಹೇಳಿದರೆ ಕಾವಲು ಕಾಯುತ್ತದೆ, ಹೇಳದಿದ್ದರೆ ಒತ್ತಾಯವಿಲ್ಲ. ಆತುರವಿದ್ದಾಗ ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿ ಮಾಡಿಕೊಳ್ಳಬಹುದು. ಮಳೆಯ ಲೆಕ್ಕಕ್ಕೆ ನಾನು ಟೈಪ್ ಹಾಕಿದ್ದೆ. ಕೆಂಪು ಗೆರೆ ಎದ್ದು ತಪ್ಪನ್ನೂ ತೋರಿಸಿತ್ತು. ಡೆಮೊ ದಿನ ಶಶಿಕಿರಣ್ ಅದನ್ನು ಅಳಿಸಿ, ಏನಿದ್ದರೂ ನಡೆಯುತ್ತದೆ ಎನ್ನುವ ‘ಎನಿ’ ಎಂಬ ಟೈಪ್ ಜಡಿದ. ಆಮೇಲೆ ನೋಡೋಣ ಎಂದ. ಆ ಆಮೇಲೆ ಬರಲೇ ಇಲ್ಲ. ಸಲಿಗೆ ಕೊಟ್ಟರೆ ತಲೆ ಮೇಲೆ ಹತ್ತುವವರನ್ನು ಕಂಡರೆ ನನಗಾಗದು.

“ಟೈಪ್ ಆಪ್ಷನಲ್ ಕೃತಿಕಾ. ಹಾಕ್ಲೇಬೇಕು ಅಂತ ರೂಲ್ ಇಲ್ಲ,” ಎಂದ ಈಗಲೂ.

“ನಿನ್ನೆ ಸಂಜೆ, ಇವತ್ತು ಬೆಳಿಗ್ಗೆ ಕಳಸದ ಕಡೆ ಹನಿದಿದೆ ಸರ್. ಅಲ್ಲಿನ ಬೆಳೆಗಾರರಿಗೂ ‘ನೀರು ಬೇಡ’ ಅಂತ್ಲೇ ಹೋಗಿದೆ. ಈಗ್ಲೇ ಮೆಸೇಜ್ ಹಾಕ್ಬೇಕು.”

“ಸದ್ದಿಲ್ದೆ ಸರಿಮಾಡು ಸಾಕು. ತಪ್ಪು ಒಪ್ಕೊಂಡ್ರೆ ನಾಳೆ ಯಾರು ಮಾರಾಯ್ತಿ ನಮ್ಮನ್ನ ನಂಬ್ತಾರೆ?”

‘ನೀರು ಬೇಡ’ ಎಂಬುದನ್ನು ಒಮ್ಮೆ ನೋಡಿ ಫೋನನ್ನು ಜೇಬಿಗಿಟ್ಟವರು ಮತ್ತೆ ತೆಗೆದು ನೋಡುತ್ತಾರೆಯೇ? ಅವನೊಂದಿಗೆ ವಾದಿಸುತ್ತ ಕೂತರೆ ಕಳಸದ ಹೂವೂ ಕಂದುತ್ತಿತ್ತು. ಕೋಡ್ ಸರಿಮಾಡಿದೆ. ‘ನಮ್ಮ ಆ್ಯಪ್ ಮಳೆಯನ್ನು ತಪ್ಪಾಗಿ ಕೂಡಿದೆ, ಇವತ್ತೇ ನೀರು ಹಾಯಿಸಿ’ ಎಂದು ಆ ಬೆಳೆಗಾರರಿಗೆಲ್ಲ ಕಳಿಸಿ, ಕೆಳಗೆ ನನ್ನ ನಂಬರ್ ಹಾಕಿದೆ. ಶಶಿಕಿರಣ್ ಎದ್ದು ನಿಂತು ಕೂಗಾಡಿದ. ನಾಳೆಯಿಂದ ಬರಬೇಡ ಎಂದ. ಬರುವುದಿಲ್ಲ ಎಂದೆ.

ಮೊದಲ ಫೋನ್ ಕಳಸದ ಹಾಲೇಶ್ ಎಂಬ ಬೆಳೆಗಾರರದು. “ಪಂಪ್ ಹಾಕಿದೀನಿ ಮೇಡಂ. ಹೂವು ಉಳೀತದಾ?”

“ಉಳೀತದೆ. ನಿಲ್ಲಿಸ್ಬೇಡಿ.”

ಪಕ್ಕದಲ್ಲಿದ್ದ ಸಾವಿತ್ರಮ್ಮನಿಗೆ ಎಲ್ಲ ಕೇಳಿಸಿತ್ತು. ಬ್ಯಾಗು ಹೆಗಲಿಗೇರಿಸಿ ಎದ್ದರು. “ಹಂಗಾರೆ ನಾನೂ ಹೋಗಿ ಹಾಕ್ಲಾ?”

ಅವರು ತಂದಿದ್ದ ರೆಂಬೆಯನ್ನು ಎತ್ತಿ, ಕಂದಿದ ಹೂವನ್ನು ತಿರುಗಿಸಿ ನೋಡಿದೆ.

“ಪ್ರಯೋಜನ ಇಲ್ಲಮ್ಮ,” ಎಂದೆ. “ನಿಮ್ಮ ಈ ವರ್ಷದ ಫಸಲು ಹೋಯ್ತು.”