ಕಮ್ಮಿ ಇಟ್ಟ ತಪ್ಪಿಗೆ

“ಆ ಕೈ ತೆಗಿ. ಮೇಜಿಗೆಲ್ಲ ಹೊಗೆಸೊಪ್ಪಿನ ಗಬ್ಬು ಹತ್ತಿಸ್ತಿದೀಯ, ಮುಂಡೆ.”

ಬ್ಯಾಂಕಿನ ಗುಮಾಸ್ತ ನೀಲಕಂಠಸ್ವಾಮಿ ರೂಲುದೊಣ್ಣೆಯಿಂದ ಮುತ್ತಿಯ ಬೆರಳುಗಳನ್ನು ಆಚೆಗೆ ತಳ್ಳಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ದಿನವೆಲ್ಲ ಹೊಗೆಸೊಪ್ಪು ಬಿಡಿಸುವ ಕೈ. ಅಂಟು ಎಷ್ಟು ಉಜ್ಜಿದರೂ ಬಿಡುತ್ತಿರಲಿಲ್ಲ.

“ಎಲ್ಲಾನೂ ಕೊಟ್ಬುಡಿ ಬುದ್ದಿ. ಅನ್ನೊಂದ್ ರೂಪಾಯಿ. ನಮ್ಮೋನ್ನ ಮೈಸೂರ್ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು.”

ಅವಳ ಗಂಡ ಬೆಳ್ಳ ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಕೂತಿದ್ದ. ಎಂಟು ದಿನದ ಹಿಂದೆ ಅವರ ಧಣಿ ಷಣ್ಮುಖಪ್ಪನ ಬ್ಯಾರನ್ನು ಮನೆಯಲ್ಲಿ, ಸೊಪ್ಪು ಒಣಗಿಸಲು ಕಾಯಿಸಿದ್ದ ಕಬ್ಬಿಣದ ಕೊಳವೆಯ ಮೇಲೆ ಬಿದ್ದು ಅವನ ಬಲಗೈ ಮೊಣಕೈವರೆಗೂ ಸುಟ್ಟಿತ್ತು. ಈಗ ಕೀವು, ಜ್ವರ. ಇವತ್ತೇ ಮೈಸೂರಿಗೆ ಒಯ್ಯದಿದ್ದರೆ ಕೈ ಉಳಿಯುವುದಿಲ್ಲ ಎಂದು ಹುಣಸೂರಿನ ಡಾಕ್ಟರು ಹೇಳಿದ್ದರು.

ಗುಮಾಸ್ತ ಲೆಡ್ಜರು ತಿರುವಿ ಎರಡು ರೂಪಾಯಿ ಎತ್ತಿಟ್ಟ. “ಇರೋದು ಇಷ್ಟೇ. ಹೆಬ್ಬೆಟ್ಟು ಒತ್ತು.”

“ನಾ ಕಟ್ಟಿದ್ದು ಅನ್ನೊಂದು ಬುದ್ದಿ.”

“ಪಾಸ್‌ಬುಕ್ಕಿಗೆ ಒಂದು. ಖಾತೆ ಮುಚ್ಚೋಕೆ ಒಂದು. ಹೆಬ್ಬೆಟ್ಟಿಗೆ ಸಾಕ್ಷಿ ಹಾಕೋಕೆ ಒಂದು. ಹದಿನೈದು ರೂಪಾಯಿಗಿಂತ ಕಮ್ಮಿ ಇಟ್ಟಿದ್ದಕ್ಕೆ ದಂಡ, ಎರಡು ವರ್ಷಕ್ಕೆ ಆರು.”

ಮುತ್ತಿ ಬೆರಳು ಮಡಿಸಿ ನೋಡಿದಳು. “ಕಮ್ಮಿ ಇದ್ದೋರ್ ತಾವ್ಲೇ ಕಿತ್ಕೊಂಡ್ರೆ ಅದಿನ್ನೆಂಗೆ ಜಾಸ್ತಿ ಆದದು ಬುದ್ದಿ?”

ಹಿಂದಿನ ಬೆಂಚಿನಲ್ಲಿ ಷಣ್ಮುಖಪ್ಪ ಕೂತಿದ್ದ. ಮನೆಯಲ್ಲಿಟ್ಟರೆ ಗಂಡ ಕುಡಿದು ಹಾಳುಮಾಡುತ್ತಾನೆ, ಬ್ಯಾಂಕಿಗೆ ಕಟ್ಟು ಎಂದವನು ಅವನೇ. ಬೆಳ್ಳ ಕುಡಿಯುತ್ತಿರಲಿಲ್ಲ.

ಮುತ್ತಿ ಅವನ ಕಡೆ ತಿರುಗಿದಳು. “ನೀವಾರ ಒಂದ್ ಮಾತ್ ಏಳಿ ಬುದ್ದಿ. ಬಸ್ಸಿಗೆ ಇಬ್ರಿಗೂ ಎರಡೂವರೆ ಬೇಕು. ಎಂಟಾಣೆ ಕೊಡಿ, ಕೂಲೀಲಿ ಮುರ್ಕೊಳಿ.”

“ಬಟವಾಡೆ ಸನಿವಾರ ಕಣಮ್ಮಿ. ಇವತ್ತು ಕೆಲ್ಸಕ್ ಬರ್ದಿದ್ರೆ ನಿನ್ ಜಾಗಕ್ಕೆ ಬ್ಯಾರೆಯೋಳು ಬತ್ತಾಳೆ. ಸುಟ್ಕೊಂಡೋನು ಅವ್ನು. ನೀನ್ಯಾಕ್ ಓಗ್ಬೇಕು?”

ಮುತ್ತಿ ಗುಮಾಸ್ತನ ಕಾಗದದ ಕಡೆ ನೋಡಿದಳು. “ಅದ್ರಾಗೇನ್ ಬರ್ದಿದೀರಿ?”

“ಪೂರ್ತಿ ಹಣ ಮುಟ್ಟಿತು ಅಂತ.”

“ಮುಟ್ನಿಲ್ವಲ್ಲ.”

“ಒತ್ತದಿದ್ರೆ ಈ ಎರಡೂ ಇಲ್ಲ.”

ಹೊರಗೆ ಮಡಿಕೇರಿಯಿಂದ ಬಂದ ಬಸ್ಸು ಹಾರನ್ನು ಹೊಡೆಯಿತು. ಮುತ್ತಿ ಒತ್ತಿದಳು. ಅಂಟಿನ ಮೇಲೆ ಶಾಯಿ ಸರಿಯಾಗಿ ಹಿಡಿಯದೆ ಬರೀ ಕರೀ ಮುದ್ದೆ ಮೂಡಿತು. ಅವಳ ಬೆರಳು ಮುಟ್ಟಲೊಲ್ಲದೆ ಗುಮಾಸ್ತ ರೂಲುದೊಣ್ಣೆಯಿಂದಲೇ ಅದುಮಿ ಇನ್ನೊಮ್ಮೆ ಒತ್ತಿಸಿದ.

ಹೋಗುವಾಗ ಅವಳು ಆ ಹೆಬ್ಬೆರಳನ್ನು ಬ್ಯಾಂಕಿನ ಸುಣ್ಣದ ಗೋಡೆಗೆ ಉದ್ದಕ್ಕೂ ಎಳೆದಳು. “ಲೇ, ಬೋಸುಡಿ” ಎಂದ ಗುಮಾಸ್ತ. ಅವಳು ನಿಲ್ಲಲಿಲ್ಲ.

ಕಂಡಕ್ಟರ್ ಮಾದೇವ ಒಂದೇ ಟಿಕೀಟು ಹರಿದ. “ಈ ಸೀಕಿನೋನ್ನ ಒಬ್ನೇ ಕಳಿಸ್ತೀಯಾ?”

“ದೊಡ್ಡಾಸ್ಪತ್ರೆ ತಾವ ಇಳಿಸ್ಬುಡಣ್ಣ.”

“ಬಸ್ಸು ಅಲ್ಲಿಗಂಟ ಓಗಕಿಲ್ಲ ಕಣವ್ವ. ಕೇಳ್ಕೊಂಡ್ ಓಗ್ಬೇಕು.”

ಮಿಕ್ಕ ಹನ್ನೆರಡಾಣೆಯನ್ನು ಅವಳು ಬೆಳ್ಳನ ಪಂಚೆಯ ತುದಿಗೆ ಗಂಟು ಹಾಕಿದಳು. ಅವನು ಹುಣಸೂರು ದಾಟಿ ಹೋದವನಲ್ಲ.

“ನೀ ಬಸ್ ಅತ್ತಕಿಲ್ವಾ?” ಎಂದ.

“ನೀ ಅತ್ತು. ಬತ್ತೀನಿ.”

ಅವನನ್ನು ಸೀಟಿಗೆ ಕೂರಿಸಿ, ಜನರ ನಡುವೆ ಹಿಂಬಾಗಿಲಿನಿಂದ ಇಳಿದಳು. ಬಸ್ಸು ಹೊರಟಿತು. ಬೆಳ್ಳ ಅವಳಿಗೆಂದು ತನ್ನ ಪಕ್ಕದ ಜಾಗದ ಮೇಲೆ ಎಡಗೈ ಚಾಚಿಟ್ಟುಕೊಂಡು, ಅವಳು ನಿಂತ ಕಡೆ ಬಿಟ್ಟು ಆಚೆ ಬದಿಯ ಕಿಟಕಿಯಲ್ಲಿ ಅವಳನ್ನು ಹುಡುಕುತ್ತಿದ್ದ.